ಕಾಣದ ಉಗ್ರಾಣದ ಬೀಗದ ಕೈ

ಬೀಗದ ಕೈ ಚಿಕ್ಕದು. ಅದು ಕಾಯುವ ಉಗ್ರಾಣ ದೊಡ್ಡದು. ಹಿಂದಿನ ಕೂಡುಕುಟುಂಬಗಳಲ್ಲಿ ಮನೆಯ ಹಿರಿಯಾಕೆಯ ಸೊಂಟದಲ್ಲಿ ತೂಗುತ್ತಿದ್ದ ಬೀಗದ ಕೈಗೊಂಚಲನ್ನು ಕಂಡವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಕೆ ಗೊಂಚಲನ್ನು ಸಿಕ್ಕಿಸಿಕೊಂಡೇ ತೌರಿಗೆ ಹೋದಳೆಂದರೆ, ಮನೆಯಲ್ಲಿ ಅಕ್ಕಿಯಿದ್ದೂ ಅಡಿಗೆಯಿಲ್ಲ!

ಕೆಲವು ವರ್ಷಗಳ ಹಿಂದೆ ನಾನು ಪಾಠ ಹೇಳುತ್ತಿದ್ದ ಕಾಲೇಜಿಗೆ ಇಂಥದೇ ಸ್ಥಿತಿ ಒದಗಿತ್ತು. ಪ್ರವೇಶದ ಅರ್ಜಿಗಳನ್ನು ಪಡೆಯುವ ವೆಬ್ ತಾಣವನ್ನು ತರುಣನೊಬ್ಬ ಕಟ್ಟಿಕೊಟ್ಟಿದ್ದ. ಅದರ ಪಾಸ್‌ವರ್ಡ್ ಅವನೊಬ್ಬನಿಗೇ ಗೊತ್ತು. ಅವನು ಬೇರೆ ಕೆಲಸ ಹಿಡಿದು ಹೊರಟುಹೋದ ಮೇಲೆ, ಅರ್ಜಿಯ ಕೊನೆಯ ದಿನಾಂಕವನ್ನು ಮುಂದೂಡುವುದಕ್ಕೂ ನಮ್ಮಲ್ಲಿ ಯಾರಿಗೂ ಸಾಧ್ಯವಾಗಲಿಲ್ಲ. ಹಳ್ಳಿಗಳಿಂದ ಬಂದ ಮಕ್ಕಳು ಕಛೇರಿಯ ಮುಂದೆ ನಿಂತಿದ್ದರು. ಪ್ರಿನ್ಸಿಪಾಲರು ಫೋನು ಹಿಡಿದು ಆ ತರುಣನನ್ನು ಹುಡುಕುತ್ತಿದ್ದರು. ಮೂರನೆಯ ದಿನ ಅವನು ಸಿಕ್ಕಿದ. ತಾಣದ ಹೊಣೆಯನ್ನು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ವಹಿಸಿಕೊಂಡ. ಆ ಭಾನುವಾರ ಅವನು ನಮ್ಮ ಮನೆಯ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು, ಬ್ರೌಸರಿನಲ್ಲಿ ಒಂದು ಪುಟವನ್ನು ತೋರಿಸಿದ. ಯಂತ್ರವನ್ನು ಚಾಲೂ ಮಾಡುವುದು, ನಿಲ್ಲಿಸುವುದು, ಪ್ರತಿ ತೆಗೆಯುವುದು, ಅಳಿಸಿಹಾಕುವುದು - ಎಲ್ಲಕ್ಕೂ ಒಂದೊಂದು ಗುಂಡಿ. "ಇದೇ ಕನ್ಸೋಲ್ ಸಾರ್. ಯಂತ್ರ ಎಲ್ಲಿದೆ ಅಂತ ಮಾತ್ರ ಕೇಳಬೇಡಿ, ಮುಂಬಯಿಯಲ್ಲಿದೆ ಅನ್ನೋದಷ್ಟೇ ನನಗೂ ಗೊತ್ತು," ಎಂದು ನಕ್ಕ. ಕಾಣದ ಯಂತ್ರವನ್ನು ಕುಳಿತಲ್ಲಿಂದಲೇ ಆಳುವ ಈ ಏರ್ಪಾಡು ಹೇಗೆ ಬಂದಿತೆಂಬ ಕುತೂಹಲ ನನಗೆ ಹುಟ್ಟಿದ್ದು ಅಂದು.

ಕನ್ಸೋಲ್ ಎಂಬ ಮಾತು ಹಳೆಯದು. 1950ರ ದಶಕದ ಗಣಕಯಂತ್ರಗಳು ಇಡೀ ಕೋಣೆಯನ್ನೇ ತುಂಬಿಕೊಂಡಿದ್ದವು. ದೀಪಗಳೂ ಸ್ವಿಚ್ಚುಗಳೂ ಕಿಕ್ಕಿರಿದ ಒಂದು ಮೇಜಿನ ಮುಂದೆ ಆಪರೇಟರನು ಕುಳಿತಿರುತ್ತಿದ್ದ. ಆ ಮೇಜಿಗೇ ಆ ಹೆಸರು. ಲೆಕ್ಕ ಬೇಕಾದವನು ರಂಧ್ರ ಕೊರೆದ ಕಾರ್ಡುಗಳ ಕಟ್ಟನ್ನು ಒಪ್ಪಿಸಿ, ಗಂಟೆಗಟ್ಟಲೆ ಕಾಯಬೇಕಾಗಿತ್ತು. ಮೇಜು ಹೋಯಿತು, ಹೆಸರು ಉಳಿಯಿತು. ನಮ್ಮ 'ಕಡತ'ದ ಕಥೆಯೂ ಹಾಗೆಯೇ ಅಲ್ಲವೆ? ಹುಣಿಸೆ ಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಬಳಪದಲ್ಲಿ ಬರೆಯುತ್ತಿದ್ದ ಬಟ್ಟೆಯ ಮಡಿಕೆಗೆ ಇದ್ದ ಹೆಸರು ಇಂದು ಕಛೇರಿಯ ಫೈಲಿಗೆ ಸಂದಿದೆ.

ಯಂತ್ರಕ್ಕೂ ಮನುಷ್ಯನಿಗೂ ನಡುವೆ ಇದ್ದ ಈ ಕಾಯುವಿಕೆಯನ್ನು ತೊಡೆದುಹಾಕಲು ಹೊರಟವರಲ್ಲಿ ಅಮೆರಿಕದ ಎಂ.ಐ.ಟಿ.ಯ ಫರ್ನಾಂಡೊ ಕಾರ್ಬಟೊ ಪ್ರಮುಖರು. ಒಂದೇ ಯಂತ್ರವನ್ನು ಹಲವರು ತಂತಮ್ಮ ಟೈಪುಯಂತ್ರಗಳ ಮೂಲಕ ಏಕಕಾಲಕ್ಕೆ ಬಳಸುವ ವ್ಯವಸ್ಥೆಯನ್ನು ಅವರು 1961ರಲ್ಲಿ ಪ್ರದರ್ಶಿಸಿದರು. ಅದಕ್ಕೆ ಸಿ.ಟಿ.ಎಸ್.ಎಸ್. ಎಂದು ಹೆಸರು. ಗಣಕಶಕ್ತಿಯೂ ಒಂದು ದಿನ ಟೆಲಿಫೋನಿನಂತೆ ಸಾರ್ವಜನಿಕ ಸೌಕರ್ಯವಾದೀತೆಂದು ಜಾನ್ ಮೆಕಾರ್ಥಿ ನುಡಿದದ್ದೂ ಅದೇ ವರ್ಷ, ಅದೇ ಸಂಸ್ಥೆಯ ಶತಮಾನೋತ್ಸವದಲ್ಲಿ. ಇಂದಿನ ಕ್ಲೌಡಿನ ಬೀಜ ಇಲ್ಲಿದೆ.

ಹಲವರು ಒಂದೇ ಮನೆಯಲ್ಲಿ ವಾಸಿಸುವಾಗ ಬೀಗ ಬೇಕಷ್ಟೆ. ಕಾರ್ಬಟೊ ಅವರ ವ್ಯವಸ್ಥೆಯಲ್ಲಿ ಪ್ರತಿಯೊಬ್ಬನಿಗೂ ಒಂದು ಪಾಸ್‌ವರ್ಡ್ ಇತ್ತು. ಬೀಗ ಬಂದ ಕೆಲವೇ ವರ್ಷಗಳಲ್ಲಿ ಎಡವಟ್ಟೂ ಬಂದಿತು. ಒಂದು ದಿನ ಯಂತ್ರಕ್ಕೆ ಲಗತ್ತಾದವರ ಟೈಪುಯಂತ್ರಗಳಲ್ಲಿ, ಎಂದಿನ ಪ್ರಕಟಣೆಗೆ ಬದಲಾಗಿ, ಎಲ್ಲರ ಪಾಸ್‌ವರ್ಡುಗಳ ಪಟ್ಟಿಯೇ ಮೂಡತೊಡಗಿತು! ನಡೆದದ್ದಿಷ್ಟು: ಆಡಳಿತದ ಇಬ್ಬರು ಏಕಕಾಲದಲ್ಲಿ ಎರಡು ಕಡತಗಳನ್ನು ತಿದ್ದುತ್ತಿದ್ದರು - ಒಬ್ಬರು ಪ್ರಕಟಣೆಯನ್ನು, ಇನ್ನೊಬ್ಬರು ಪಾಸ್‌ವರ್ಡ್ ಪಟ್ಟಿಯನ್ನು. ತಿದ್ದುವ ಸಲಕರಣೆ ಎರಡಕ್ಕೂ ಒಂದೇ ತಾತ್ಕಾಲಿಕ ಹೆಸರು ಕೊಟ್ಟಿದ್ದರಿಂದ ಅವು ಅದಲುಬದಲಾದವು. 1990ರ ಟ್ಯೂರಿಂಗ್ ಪ್ರಶಸ್ತಿಯ ಉಪನ್ಯಾಸದಲ್ಲಿ ಕಾರ್ಬಟೊ ಅವರೇ ಈ ಪ್ರಸಂಗವನ್ನು ಹೇಳಿಕೊಂಡರು. ಕಳ್ಳ ಬರದಿದ್ದರೂ ಬಾಗಿಲು ತೆರೆದುಕೊಂಡಿತು ಎಂಬುದೇ ಇಲ್ಲಿಯ ಸ್ವಾರಸ್ಯ.

ಯಂತ್ರವನ್ನು ದೂರದಿಂದ ಬಳಸುವುದು ಹೀಗೆ ಸಾಧ್ಯವಾದರೂ, ಅದಕ್ಕೆ ಆಜ್ಞೆಗಳನ್ನು ಬಾಯಿಪಾಠ ಮಾಡಿದ ಪರಿಣತನೇ ಬೇಕಾಗಿತ್ತು. ಆ ಗೋಡೆಯನ್ನು ಒಡೆದದ್ದು ವೆಬ್. ಟಿಮ್ ಬರ್ನರ್ಸ್-ಲೀ 1989ರಲ್ಲಿ ಜಿನೀವಾದ ಬಳಿಯ ಸರ್ನ್ ಸಂಸ್ಥೆಯಲ್ಲಿ ಅದರ ಯೋಜನೆಯನ್ನು ಮುಂದಿಟ್ಟರು. ಮೊದಮೊದಲು ವೆಬ್ ಪುಟವೆಂದರೆ ಓದುವ ಪುಟ. 1993ರಲ್ಲಿ ಇಲಿನಾಯ್ ವಿಶ್ವವಿದ್ಯಾನಿಲಯದ ಗಣಕ ಕೇಂದ್ರದವರು, ಪುಟದಲ್ಲಿ ತುಂಬಿದ ಮಾತು ದೂರದ ಯಂತ್ರದಲ್ಲಿ ಕಾರ್ಯಕ್ರಮವೊಂದನ್ನು ನಡೆಸುವಂತೆ ದಾರಿ ಮಾಡಿಕೊಟ್ಟರು. ಓದುವ ಪುಟ ಆಳುವ ಪುಟವಾಗಲು ಇಷ್ಟು ಸಾಕಾಯಿತು.

1995ರಲ್ಲಿ ಪಾಲ್ ಗ್ರಹಾಂ ಮತ್ತು ರಾಬರ್ಟ್ ಮಾರಿಸ್ ಸೇರಿ ವಯಾವೆಬ್ ಎಂಬ ಸಂಸ್ಥೆಯನ್ನು ಆರಂಭಿಸಿದರು. ಅಂಗಡಿಯವನು ತನ್ನ ಬ್ರೌಸರಿನಲ್ಲಿಯೇ ಅಂಗಡಿ ಕಟ್ಟಬಹುದು, ಬೆಲೆ ತಿದ್ದಬಹುದು. ತಂತ್ರಾಂಶವೆಲ್ಲ ಸಂಸ್ಥೆಯ ಯಂತ್ರದಲ್ಲಿ. 1998ರಲ್ಲಿ ಯಾಹೂ ಅದನ್ನು ಕೊಂಡುಕೊಂಡಿತು. ಈ ನಡುವೆ 1997ರಲ್ಲಿ ಜೇಮೀ ಕ್ಯಾಮೆರಾನ್ ಹೊರತಂದ ವೆಬ್‌ಮಿನ್ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಅಂಗಡಿಯಷ್ಟೇ ಅಲ್ಲ, ಇಡೀ ಸರ್ವರ್ ಯಂತ್ರದ ಆಡಳಿತವೇ ಬ್ರೌಸರಿನೊಳಕ್ಕೆ ಬಂದಿತು.

ಉಳಿದದ್ದು ಯಂತ್ರವನ್ನೇ ಬಾಡಿಗೆಗೆ ಕೊಡುವುದು. ಅಮೆಜಾನ್ ಸಂಸ್ಥೆ 2006ರ ಮಾರ್ಚಿಯಲ್ಲಿ ದಾಸ್ತಾನಿನ ಸೇವೆಯನ್ನೂ, ಆಗಸ್ಟಿನಲ್ಲಿ ಗಂಟೆಗೆ 10 ಸೆಂಟಿನಂತೆ ಯಂತ್ರಗಳನ್ನೂ ಬಾಡಿಗೆಗೆ ಕೊಡತೊಡಗಿತು. ಆದರೆ ಆರಂಭದಲ್ಲಿ ಅವನ್ನು ಆಜ್ಞೆಗಳ ಮೂಲಕವೇ ನಡೆಸಬೇಕಾಗಿತ್ತು. ಬ್ರೌಸರಿನ ಕನ್ಸೋಲ್ ಬಂದದ್ದು 2009ರ ಜನವರಿಯಲ್ಲಿ. ಗೂಗಲ್ 2008ರಲ್ಲಿ ತಂದ ಆಪ್ ಎಂಜಿನ್ ಸೇವೆಗೂ ಇಂಥದೊಂದು ಆಡಳಿತ ಪುಟವಿತ್ತು. ಮುಂದೆ ಇಂಥ ಪುಟವಿಲ್ಲದ ಕ್ಲೌಡ್ ಸೇವೆಯೇ ಅಪರೂಪವಾಯಿತು. ನಮ್ಮ ಕಾಲೇಜಿನಂಥ ಬಡ ಸಂಸ್ಥೆಯೂ ಯಂತ್ರ ಕೊಳ್ಳದೆ, ಕೋಣೆ ಕಟ್ಟದೆ, ತಾಣವೊಂದನ್ನು ನಡೆಸುವಂತಾದದ್ದು ಈ ಪುಟದ ದಯೆಯಿಂದ. ಇದು ಸಣ್ಣ ಉಪಕಾರವಲ್ಲ.

ಆದರೆ ಬಾಗಿಲು ಅಗಲವಾದಷ್ಟೂ ಕಾವಲೂ ಬಿಗಿಯಾಗಬೇಕು. ಇದನ್ನು ಜಗತ್ತು ಕಲಿತದ್ದು ಕೆಲವರ ಸರ್ವಸ್ವದ ಬೆಲೆ ತೆತ್ತು. ಕೋಡ್ ಸ್ಪೇಸಸ್ ಎಂಬುದು ಬೇರೆಯವರ ತಂತ್ರಾಂಶದ ಬರಹಗಳನ್ನು ಜೋಪಾನ ಮಾಡುತ್ತಿದ್ದ ಸಂಸ್ಥೆ. 2014ರ ಜೂನಿನಲ್ಲಿ ಅದರ ಕನ್ಸೋಲಿನೊಳಕ್ಕೆ ಕಳ್ಳನೊಬ್ಬ ನುಗ್ಗಿ ಹಣ ಕೇಳಿದ. ಸಂಸ್ಥೆಯವರು ಪಾಸ್‌ವರ್ಡ್ ಬದಲಾಯಿಸಹೊರಟರು. ಅವನು ಮೊದಲೇ ಬೇರೆ ಬಾಗಿಲುಗಳನ್ನು ಮಾಡಿಕೊಂಡಿದ್ದ. ಕಂಡಕಂಡದ್ದನ್ನೆಲ್ಲ ಅಳಿಸತೊಡಗಿದ. ಮೂಲವೂ ಅದರ ಪ್ರತಿಗಳೂ ಒಂದೇ ಬೀಗದ ಕೈಗೆ ಸಿಕ್ಕುವಂತಿದ್ದುದರಿಂದ 12 ಗಂಟೆಗಳೊಳಗೆ ಬಹುಪಾಲು ನಾಶವಾಯಿತು. ಸಂಸ್ಥೆಯೂ ಮುಚ್ಚಿಹೋಯಿತು.

ಕಳ್ಳನಿಲ್ಲದೆಯೂ ಮನೆ ಕತ್ತಲಾಗಬಹುದು. 2017ರ ಫೆಬ್ರುವರಿ 28ರಂದು ಅಮೆಜಾನಿನ ಉದ್ಯೋಗಿಯೊಬ್ಬ ಆಜ್ಞೆಯೊಂದನ್ನು ತಪ್ಪಾಗಿ ಟೈಪು ಮಾಡಿದ್ದರಿಂದ, ಉತ್ತರ ವರ್ಜೀನಿಯಾದ ದಾಸ್ತಾನಿನ ಸೇವೆ ಕೆಲವು ಗಂಟೆಗಳ ಕಾಲ ನಿಂತುಹೋಯಿತು. ಸೇವೆ ಕೆಟ್ಟಿದೆಯೆಂದು ಸಾರಬೇಕಾದ ಫಲಕವನ್ನು ತಿದ್ದುವ ಕನ್ಸೋಲ್ ಕೂಡ ಅದೇ ದಾಸ್ತಾನನ್ನು ನಂಬಿಕೊಂಡಿತ್ತು! ಊರಿಗೆ ಬೆಂಕಿ ಬಿದ್ದಾಗ ಡಂಗುರ ಸಾರುವವನ ತಮಟೆಯೂ ಉರಿಯುವ ಮನೆಯೊಳಗೇ ಸಿಕ್ಕಿಕೊಂಡಂತೆ.

ಇಂಥ ಅನುಭವಗಳು ಕಲಿಸಿದ ಎಚ್ಚರಗಳನ್ನು ನೋಡಿದರೆ, ಅವು ನಮ್ಮ ಹಿರಿಯರಿಗೆ ಅಪರಿಚಿತವೇನೂ ಅಲ್ಲ. ಪಾಸ್‌ವರ್ಡಿನ ಜೊತೆಗೆ, ಕೈಯಲ್ಲಿರುವ ಫೋನಿನಲ್ಲಿ ಮೂಡುವ ಸಂಖ್ಯೆಯನ್ನೂ ಕೇಳುವುದು ಎರಡು ಬೀಗದ ಭಂಡಾರವೇ ಸರಿ. ಒಬ್ಬನಿಗೆ ನೋಡುವ ಹಕ್ಕು, ಇನ್ನೊಬ್ಬನಿಗೆ ತಿದ್ದುವ ಹಕ್ಕು, ಅಳಿಸುವ ಹಕ್ಕು ಎಲ್ಲೋ ಒಬ್ಬಿಬ್ಬರಿಗೆ ಎಂಬ ಹಂಚಿಕೆಯನ್ನು ಅಮೆಜಾನ್ 2011ರಲ್ಲಿ ಎಲ್ಲ ಗಿರಾಕಿಗಳಿಗೂ ಒದಗಿಸಿತು. 2013ರಲ್ಲಿ, ಯಾರು ಯಾವ ಹೊತ್ತಿನಲ್ಲಿ ಏನು ಮಾಡಿದರೆಂಬುದನ್ನು ದಾಖಲಿಸುವ ಸೇವೆಯನ್ನೂ ಸೇರಿಸಿತು. ಶಾನುಭೋಗರ ಲೆಕ್ಕದ ಪುಸ್ತಕ ಮತ್ತೆ ಬಂದಿತು.

ಇನ್ನೊಂದು ಎಚ್ಚರ ನನ್ನ ಕಸುಬಿಗೆ ತೀರ ಹತ್ತಿರದ್ದು. ಆಸ್ಟ್ರೇಲಿಯಾದ ಯೂನಿಸೂಪರ್ ಎಂಬ ನಿವೃತ್ತಿ ನಿಧಿ ಸಂಸ್ಥೆಗೆ 6 ಲಕ್ಷಕ್ಕೂ ಮಿಕ್ಕ ಸದಸ್ಯರು. ಅದರ ಯಂತ್ರಗಳನ್ನು ಗೂಗಲಿನಲ್ಲಿ ಸಜ್ಜುಗೊಳಿಸುವಾಗ ಸಲಕರಣೆಯೊಂದರಲ್ಲಿ ತುಂಬಬೇಕಾದ ಒಂದು ಅಂಶ ಖಾಲಿ ಉಳಿಯಿತು. ಅದನ್ನು ಯಂತ್ರ ಒಂದು ವರ್ಷದ ಗಡುವೆಂದು ತಿಳಿದು, 2024ರ ಮೇ ತಿಂಗಳ ಹೊತ್ತಿಗೆ ಇಡೀ ಏರ್ಪಾಡನ್ನೇ ಅಳಿಸಿಹಾಕಿತು. ಜನರಿಗೆ ತಮ್ಮ ಖಾತೆಯನ್ನು ನೋಡಲು ದಿನಗಟ್ಟಲೆ ಆಗಲಿಲ್ಲ. ಆದರೂ ನಿಧಿಯ ಲೆಕ್ಕ ಅಳಿಯಲಿಲ್ಲ. ಸಂಸ್ಥೆ ಬೇರೊಬ್ಬರ ಬಳಿಯೂ ಪ್ರತಿಗಳನ್ನು ಇಟ್ಟಿತ್ತು. ಮನೆಯನ್ನು ಮತ್ತೆ ಕಟ್ಟಲು ಅವು ನೆರವಾದವು.

ಗ್ರಂಥಸಂಪಾದನೆ ಮಾಡಿದವರು ಇದರ ಅರ್ಥವನ್ನು ಚೆನ್ನಾಗಿ ಬಲ್ಲರು. ಹಳಗನ್ನಡದ ಕಾವ್ಯಗಳು ನಮ್ಮವರೆಗೆ ಬಂದದ್ದು ತಾಳೆಗರಿ ಗಟ್ಟಿಯೆಂದಲ್ಲ. ಗೆದ್ದಲಿಗೂ ಬೆಂಕಿಗೂ ಅದು ಸುಲಭದ ತುತ್ತು. ಲಿಪಿಕಾರರು ಪ್ರತಿ ಮಾಡಿದರು. ಒಂದು ಓಲೆ ಈ ಮಠದಲ್ಲಿ, ಒಂದು ಆ ಬಸದಿಯಲ್ಲಿ, ಇನ್ನೊಂದು ಯಾವುದೋ ಊರಿನ ಅಟ್ಟದಲ್ಲಿ ಉಳಿಯಿತು. ಒಂದು ಮನೆ ಸುಟ್ಟರೆ ಇನ್ನೊಂದು ಮನೆ ಕಾಯಿತು.

ನಮ್ಮ ಕಾಲೇಜಿನಲ್ಲಿ ಆ ವರ್ಷವೇ ಹೊಸ ಏರ್ಪಾಡಾಯಿತು. ಕನ್ಸೋಲಿನ ಬೀಗದ ಕೈ ಇಬ್ಬರ ಬಳಿ. ಒಬ್ಬರು ಕೆಲಸ ಬಿಟ್ಟರೆ ಅದೇ ದಿನ ಅವರ ಹಕ್ಕನ್ನು ತೆಗೆಯುವುದು. ಅರ್ಜಿಗಳ ಪ್ರತಿಯೊಂದನ್ನು ವಾರಕ್ಕೊಮ್ಮೆ ಬೇರೊಂದು ಕಡೆ ಇಡುವುದು. ಈ ಮೂರು ಸಾಲುಗಳನ್ನು ಪ್ರಿನ್ಸಿಪಾಲರು ಕಾಗದದ ಮೇಲೆ ಬರೆಸಿ, ರುಜು ಹಾಕಿ, ಕಛೇರಿಯ ಕಡತಕ್ಕೆ ಸೇರಿಸಿದರು. ಮರುವರ್ಷದ ಪ್ರವೇಶದ ಕಾಲದಲ್ಲಿ ಕಛೇರಿಯ ಮುಂದೆ ಮಕ್ಕಳು ಹಾಗೆ ಕಾದು ನಿಲ್ಲಬೇಕಾಗಲಿಲ್ಲ.