ಗೆಂಡೆ
ಗೆಂಡೆ (ನಾ.): ಸಿಹಿನೀರಿನ ಒಂದು ಮೀನು. ದ್ರಾವಿಡ ಪದ, ತಮಿಳಿನಲ್ಲಿ ಕೆಂಡೈ, ತೆಲುಗಿನಲ್ಲಿ ಗಂಡೆ. ಹುಣಸೂರಿನ ಲಕ್ಷ್ಮಣತೀರ್ಥ, ಕೆ.ಆರ್. ನಗರದ ಕಾವೇರಿ, ಎಚ್.ಡಿ. ಕೋಟೆಯ ಕಬಿನಿ ಹರಿಯುವ ಸೀಮೆಯಲ್ಲಿ ಮೀನು ಸಾಕುವವರಿಗೆ ಸಾಮಾನ್ಯ ಗೆಂಡೆ, ಹುಲ್ಲುಗೆಂಡೆ, ಬೆಳ್ಳಿಗೆಂಡೆ ಪರಿಚಿತ ಹೆಸರುಗಳು. ಸಾಮಾನ್ಯ ಗೆಂಡೆ ಭಾರತಕ್ಕೆ ಬಂದದ್ದು 1939ರಲ್ಲಿ.

ಅಲಂಕಾರದ ತೊಟ್ಟಿಯ ಕೋಯಿಯೂ ಇದೇ ಗೆಂಡೆಯ ಬಳಗ. ಜಪಾನೀ ಭಾಷೆಯಲ್ಲಿ 'ಕೋಯಿ' ಎಂದರೆ ಗೆಂಡೆಯೇ. 19ನೇ ಶತಮಾನದಲ್ಲಿ ಜಪಾನಿನ ನೀಗಾಟದ ಬೆಟ್ಟದೂರುಗಳ ಭತ್ತದ ರೈತರು ಬಣ್ಣದ ಮರಿಗಳನ್ನು ಆರಿಸಿ ತಳಿ ಮಾಡಿದರು. ಬಿಳಿ ಮೈಮೇಲೆ ಕೆಂಪು ಮಚ್ಚೆಯಿದ್ದರೆ 'ಕೋಹಾಕು'. ಕೋಯಿಯ ಬಾಯಿಯ ಅಂಚಿಗೆ ಎರಡು ಜೊತೆ ಮೀಸೆ, ಗೋಲ್ಡ್‌ಫಿಶ್‌ಗೆ ಮೀಸೆಯಿಲ್ಲ.

ಪ್ರಯೋಗ: "ನಲ್ಲಿ ನೀರನ್ನ ನೇರ ಗೆಂಡೆ ತೊಟ್ಟಿಗೆ ಬಿಡಬೇಡ ಕಣಪ್ಪ, ಮೊದ್ಲು ಕ್ಲೋರಿನ್ ಹೋಗ್ಲಿ."