ಕೃತಕ ಸಭೆ, ನಿಜದ ನಡುಕ: ಸಾಮಾಜಿಕ ಆತಂಕಕ್ಕೆ ವರ್ಚುವಲ್ ರಿಯಾಲಿಟಿ ಚಿಕಿತ್ಸೆ ನಡೆದುಬಂದ ದಾರಿ

ನಾಲ್ಕು ಜನರೆದುರು ಮಾತನಾಡಲು, ಅಪರಿಚಿತರ ಜೊತೆ ಊಟಕ್ಕೆ ಕೂರಲು ವಿಪರೀತ ಹೆದರುವುದನ್ನು ಅಮೆರಿಕದ ಮನೋವೈದ್ಯಕೀಯ ಸಂಘವು ಪ್ರತ್ಯೇಕ ಕಾಯಿಲೆಯೆಂದು ತನ್ನ ಕೈಪಿಡಿಗೆ ಸೇರಿಸಿದ್ದು 1980ರಲ್ಲಿ. ಭಯವನ್ನು ಹಂತಹಂತವಾಗಿ ಎದುರಿಸುವ ಚಿಕಿತ್ಸೆ ಅದಕ್ಕೂ ಹಳೆಯದು. ದಕ್ಷಿಣ ಆಫ್ರಿಕಾದ ಜೋಸೆಫ್ ವೋಲ್ಪೆ 1958ರ ತಮ್ಮ ಗ್ರಂಥದಲ್ಲಿ ಅದನ್ನು ವಿವರಿಸಿದ್ದರು. ರೋಗಿ ಮೈ ಸಡಿಲಬಿಟ್ಟು, ಭಯ ಹುಟ್ಟಿಸುವ ಸನ್ನಿವೇಶವನ್ನು ಮನಸ್ಸಿನಲ್ಲೇ ಕಲ್ಪಿಸಿಕೊಳ್ಳಬೇಕಿತ್ತು. ಎಲ್ಲರ ಕಲ್ಪನೆಯೂ ಅಷ್ಟು ಚುರುಕಾಗಿರುವುದಿಲ್ಲ. ನಿಜವಾದ ಸನ್ನಿವೇಶಕ್ಕೇ ಒಯ್ಯೋಣವೆಂದರೆ, ಜೇಡಕ್ಕೆ ಹೆದರುವವರಿಗೆ ಜೇಡ ಸಿಕ್ಕೀತು. ಸಭೆಗೆ ಹೆದರುವವರಿಗಾಗಿ ವಾರವಾರವೂ ಸಭೆ ಸೇರಿಸುವವರು ಯಾರು? ಕಣ್ಣಿಗೆ ತೊಟ್ಟ ಕನ್ನಡಕದಲ್ಲಿ ಕಂಪ್ಯೂಟರ್ ರಚಿಸಿದ ಲೋಕವನ್ನು ತೋರಿಸುವ ವರ್ಚುವಲ್ ರಿಯಾಲಿಟಿ ಈ ಚಿಕಿತ್ಸೆಗೆ ಒದಗಿಬಂದದ್ದು ತಂತ್ರಜ್ಞಾನದ ಬೆರಗಿನಿಂದಲ್ಲ, ಹೇಳಿದಂತೆ ಕೇಳುವ ಸಭಿಕರ ಕೊರತೆಯಿಂದ ಎಂದು ನನಗೆ ತೋರುತ್ತದೆ.

1995ರಲ್ಲಿ ಅಟ್ಲಾಂಟಾದ ಬಾರ್ಬರಾ ರಾಥ್‌ಬಾಮ್, ಲ್ಯಾರಿ ಹಾಡ್ಜಸ್ ಮತ್ತು ಸಂಗಡಿಗರು ಎತ್ತರದ ಭಯಕ್ಕೆ ಈ ಚಿಕಿತ್ಸೆ ನೀಡಿದ ಪ್ರಯೋಗವನ್ನು ಪ್ರಕಟಿಸಿದರು. ಸೇತುವೆ, ಮೊಗಸಾಲೆಗಳನ್ನು ಕಂಪ್ಯೂಟರಿನಲ್ಲಿ ಮೂಡಿಸಬಹುದಿತ್ತು. ಮನುಷ್ಯರನ್ನು ಮೂಡಿಸಹೊರಟರೆ ಗೊಂಬೆಗಳಾಗುತ್ತಿದ್ದರು. ಗೊಂಬೆಗಳ ಮುಂದೆ ಯಾರಾದರೂ ಬೆವರುತ್ತಾರೆಯೇ?

ಬೆವರುತ್ತಾರೆ! ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಡೇವಿಡ್‌ ಪಾಲ್ ಪರ್ಟಾಬ್, ಮೆಲ್ ಸ್ಲೇಟರ್ ಮತ್ತು ಕ್ರಿಸ್ ಬಾರ್ಕರ್ 2002ರಲ್ಲಿ ಪ್ರಕಟಿಸಿದ ಅಧ್ಯಯನ ಈ ಚರಿತ್ರೆಯ ತಿರುವು. ಎಂಟು ಕೃತಕ ಗಂಡಸರ ಮುಂದೆ ಜನರು ಐದು ನಿಮಿಷ ಭಾಷಣ ಮಾಡಬೇಕಿತ್ತು. ಒಂದು ಸಭೆ ನಿಶ್ಚಲ, ಇನ್ನೊಂದು ಆದರದಿಂದ ಆಲಿಸುವಂಥದು, ಮತ್ತೊಂದು ಆಕಳಿಸುತ್ತ ಅಸಡ್ಡೆ ತೋರುವಂಥದು. ಎದುರಿಗಿರುವವರು ಮನುಷ್ಯರಲ್ಲವೆಂದು ಭಾಷಣಕಾರರಿಗೆ ಗೊತ್ತಿತ್ತು. ಆದರೂ ಅಸಡ್ಡೆಯ ಸಭೆ ಆತಂಕ ಹುಟ್ಟಿಸಿತು, ಸಭಾಕಂಪನವಿಲ್ಲದವರಲ್ಲಿ ಕೂಡ. ಚಿತ್ರದ ನೈಜತೆಗಿಂತ ನೋಡುವವರ ತಿರಸ್ಕಾರವೇ ಇರಿಯುತ್ತದೆಂದು ಇದರಿಂದ ಊಹಿಸಬಹುದು.

ಕಾಯಿಲೆ ವಾಸಿಯಾಗುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಇಷ್ಟು ನೇರವಾಗಿಲ್ಲ. 2013ರಲ್ಲಿ ಜಾರ್ಜಿಯಾ ಸ್ಟೇಟ್ ವಿಶ್ವವಿದ್ಯಾಲಯದ ಪೇಜ್ ಆ್ಯಂಡರ್ಸನ್ ತಂಡ 97 ಮಂದಿಯ ಮೇಲೆ ನಡೆಸಿದ ಪ್ರಯೋಗದಲ್ಲಿ, ಕೃತಕ ಸಭೆ ಮತ್ತು ನಿಜವಾದ ಗುಂಪು ಎರಡೂ ಫಲ ಕೊಟ್ಟವು. ಅವುಗಳ ನಡುವೆ ಗಣನೀಯ ಅಂತರ ಕಾಣಲಿಲ್ಲ. 2016ರಲ್ಲಿ ನೆದರ್ಲೆಂಡ್ಸಿನ ಇಸಾಬೆಲ್ ಕ್ಯಾಂಪ್‌ಮನ್ ತಂಡ 60 ಮಂದಿಯಲ್ಲಿ ಕಂಡಂತೆ ನಿಜಜೀವನದ ಅಭ್ಯಾಸವೇ ಮೇಲು. ಮರುವರ್ಷ ಕೆನಡಾದ ಸ್ಟೆಫಾನ್ ಬೂಶಾರ್ ತಂಡ 59 ಮಂದಿಯಲ್ಲಿ ಕಂಡದ್ದು ಇದಕ್ಕೆ ತದ್ವಿರುದ್ಧ. ವ್ಯತ್ಯಾಸದ ಒಂದು ಎಳೆ ಚಿಕಿತ್ಸೆಯ ವಿನ್ಯಾಸದಲ್ಲಿದೆ. ಡಚ್ಚರು ಭಯವನ್ನು ಎದುರಿಸುವ ಅಭ್ಯಾಸವನ್ನಷ್ಟೇ ಪರೀಕ್ಷಿಸಿದ್ದರು. ಕೆನಡಾದವರು ಅದರ ಜೊತೆಗೆ ರೋಗಿಯ ಯೋಚನೆಯ ಧಾಟಿಯನ್ನು ತಿದ್ದುವ ಕೆಲಸವನ್ನೂ ಮಾಡಿಸಿದ್ದರು. ಈ ಮೂರೂ ಪ್ರಯೋಗಗಳಲ್ಲಿ ರೋಗಿಯ ಜೊತೆಗೆ ಚಿಕಿತ್ಸಕರೊಬ್ಬರು ಇದ್ದರು. ಕನ್ನಡಕವೊಂದನ್ನೇ ಮದ್ದೆಂದು ಮಾರುವವರಿಗೆ ಈ ಪುರಾವೆಗಳು ಬೆಂಬಲ ಕೊಡುವುದಿಲ್ಲ.