ಮನೋವೈದ್ಯರ ಶಿಕ್ಷಣಸ್ಥಾನಗಳು

ವೈದ್ಯಶಾಸ್ತ್ರವನ್ನು ಗ್ರಂಥಮುಖದಿಂದ ಅರಿಯಬಹುದು. ವೈದ್ಯವೃತ್ತಿಯಾದರೋ ರೋಗಿಯ ಸಮ್ಮುಖದಲ್ಲಿ, ಅನುಭವಿಯಾದ ಗುರುವಿನ ಬಳಿಯಲ್ಲಿ ನಿಂತಲ್ಲದೆ ಸಿದ್ಧಿಸತಕ್ಕುದಲ್ಲ. ದೇಹವ್ಯಾಧಿಗೆ ನಾಡಿ, ಜ್ವರ, ರಕ್ತ ಮೊದಲಾದ ಸಾಕ್ಷಿಗಳುಂಟು. ಮನೋವ್ಯಾಧಿಗೆ ರೋಗಿಯ ಮಾತು, ಮೌನ, ನಡೆ ಮತ್ತು ಬಂಧುಗಳು ಹೇಳುವ ವೃತ್ತಾಂತ ಇವೇ ಮುಖ್ಯ ಸಾಕ್ಷಿಗಳು. ಆದಕಾರಣ ಮನೋವೈದ್ಯನಾಗಬಯಸುವ ವಿದ್ಯಾರ್ಥಿಯು ಎಲ್ಲಿ ರೋಗಿಗಳನ್ನು ಕಾಣುವನೋ ಆ ಸ್ಥಳವೇ ಅವನ ದೃಷ್ಟಿಯನ್ನು ರೂಪಿಸುವುದು. ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಚರಿತ್ರೆಯು ಈ ಮಾತಿಗೆ ನಿದರ್ಶನವಾಗಿದೆ.

ಮೈಸೂರು ಸಂಸ್ಥಾನದಲ್ಲಿ 19ನೆಯ ಶತಮಾನದಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಆಶ್ರಯವನ್ನು ಜನರು ಹುಚ್ಚಾಸ್ಪತ್ರೆಯೆಂದೇ ಕರೆಯುತ್ತಿದ್ದರು. ಅಂದಿನ ಇಂತಹ ಗೃಹಗಳಲ್ಲಿ ಚಿಕಿತ್ಸೆಗಿಂತ ಕಾವಲೇ ಹೆಚ್ಚಾಗಿತ್ತು. ಬಹುಕಾಲ ಗೋಡೆಗಳೊಳಗೆ ಉಳಿದವರನ್ನಷ್ಟೇ ಕಂಡ ವೈದ್ಯನಿಗೆ ಈ ರೋಗವು ವಾಸಿಯಾಗದೆಂಬ ಭಾವನೆ ಬೇರೂರುವುದು ಸಹಜವೇ ಸರಿ. 1925ರಲ್ಲಿ ಅದಕ್ಕೆ ಮಾನಸಿಕ ಆಸ್ಪತ್ರೆಯೆಂಬ ಹೆಸರಾಯಿತು. 1930ರ ದಶಕದಲ್ಲಿ ಡಾ. ಫ್ರಾಂಕ್ ನೊರೋನ್ಹಾ ಅವರ ಪ್ರಯತ್ನದಿಂದಲೂ ದಿವಾನ್ ಸರ್ ಮಿರ್ಜಾ ಇಸ್ಮಾಯಿಲರ ಪ್ರೋತ್ಸಾಹದಿಂದಲೂ ವಿಶಾಲವಾದ ನೂತನ ಕಟ್ಟಡವು ಸಿದ್ಧವಾಯಿತು. ನೊರೋನ್ಹಾ ಅವರ ತರುವಾಯ ಡಾ. ಎಂ. ವಿ. ಗೋವಿಂದಸ್ವಾಮಿಯವರು ಆಸ್ಪತ್ರೆಯ ಹೊಣೆ ಹೊತ್ತು, ಅದನ್ನು ವಿದ್ಯಾಸ್ಥಾನವಾಗುವ ಮಟ್ಟಕ್ಕೆ ಬೆಳೆಯಿಸಿದರು.

1946ರಲ್ಲಿ ಭೋರ್ ಸಮಿತಿಯ ವರದಿಯು ಹೊರಬಂದಾಗ, ಸುಮಾರು 40 ಕೋಟಿ ಜನರಿದ್ದ ಭರತಖಂಡದಲ್ಲಿ ಮಾನಸಿಕ ರೋಗಿಗಳಿಗೆ ಇದ್ದುದು ಸುಮಾರು 10 ಸಾವಿರ ಹಾಸಿಗೆಗಳು ಮಾತ್ರ. ಹಾಸಿಗೆಗಳನ್ನು ಹೆಚ್ಚಿಸಿದರೂ ತಜ್ಞರಿಲ್ಲದೆ ಪ್ರಯೋಜನವೇನು? ಈ ಕೊರತೆಯನ್ನು ನೀಗಿಸುವ ಉದ್ದೇಶದಿಂದ ಭಾರತ ಸರ್ಕಾರವು 1954ರಲ್ಲಿ ಬೆಂಗಳೂರಿನ ಆಸ್ಪತ್ರೆಯ ಜೊತೆಗೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯನ್ನು ಸ್ಥಾಪಿಸಿತು. ಗೋವಿಂದಸ್ವಾಮಿಯವರೇ ಅದರ ಪ್ರಥಮ ನಿರ್ದೇಶಕರು. 1955ರಲ್ಲಿ ಮನೋವೈದ್ಯ ಡಿಪ್ಲೊಮಾ ಶಿಕ್ಷಣವು ಆರಂಭವಾಯಿತು. ಬೋಧನೆಗೆ ಕೇಂದ್ರದ ಸಂಸ್ಥೆ, ಚಿಕಿತ್ಸೆಗೆ ಸಂಸ್ಥಾನದ ಆಸ್ಪತ್ರೆ ಎಂಬ ಈ ಇಬ್ಬಗೆಯು 1974ನೆಯ ಡಿಸೆಂಬರ್ 27ರಂದು ಕೊನೆಗೊಂಡು, ಎರಡೂ ಒಂದಾಗಿ ನಿಮ್ಹಾನ್ಸ್ ಸಂಸ್ಥೆಯು ಉದಯಿಸಿತು. ಅಲ್ಲಿ ನರರೋಗ ವಿಭಾಗವೂ ಒಂದೇ ಆವರಣದಲ್ಲಿರುವುದರಿಂದ, ಉನ್ಮಾದದಂತೆ ತೋರುವ ಮಿದುಳಿನ ವ್ಯಾಧಿಯನ್ನು ಬೇರ್ಪಡಿಸಿ ಅರಿಯುವ ಅಭ್ಯಾಸವು ವಿದ್ಯಾರ್ಥಿಗೆ ದೊರೆಯುವುದು.

ಇತ್ತ ಅಮೃತಸರದಲ್ಲಿ 1950ರ ದಶಕದಲ್ಲಿ ಡಾ. ವಿದ್ಯಾಸಾಗರರು ಆಸ್ಪತ್ರೆಯ ಬಯಲಿನಲ್ಲಿ ಡೇರೆಗಳನ್ನು ಹಾಕಿಸಿ, ರೋಗಿಗಳೊಡನೆ ಅವರ ಮನೆಯವರನ್ನೂ ಇರಿಸಿಕೊಂಡರು. ರೋಗದ ಸ್ವರೂಪವನ್ನು ಕಣ್ಣಾರೆ ಕಂಡ ಬಂಧುಗಳು ಭಯವನ್ನು ತೊರೆದು ಶುಶ್ರೂಷೆಯನ್ನು ಕಲಿತರು. ರೋಗಿಯು ಮನೆಯಿಂದ ಬಹಿಷ್ಕೃತನಾಗುವುದು ತಪ್ಪಿತು. ಬೆಂಗಳೂರಿನಲ್ಲಿಯೂ ಕುಟುಂಬದವರು ಜೊತೆಯಲ್ಲಿ ಉಳಿಯುವ ವಾರ್ಡುಗಳು ಏರ್ಪಟ್ಟವು. ತಾಯಿಯು ಮಗನಿಗೆ ಉಣಿಸುವ ರೀತಿಯನ್ನೂ, ಪತಿಯು ಪತ್ನಿಯೊಡನೆ ಆಡುವ ಮಾತನ್ನೂ ಕಂಡ ವಿದ್ಯಾರ್ಥಿಗೆ ಎಷ್ಟೋ ಪುಟಗಳ ವಿವರಣೆಯು ಒಂದು ಗಳಿಗೆಯಲ್ಲಿ ಮನದಟ್ಟಾಗುವುದು.

ಸಾಮಾನ್ಯ ಆಸ್ಪತ್ರೆಯು ಮತ್ತೊಂದು ಶಿಕ್ಷಣಸ್ಥಾನ. ಕಲಕತ್ತೆಯ ಕಾರ್ಮೈಕಲ್ ವೈದ್ಯಕಾಲೇಜಿನ ಆಸ್ಪತ್ರೆಯಲ್ಲಿ 1933ರಲ್ಲಿ ಗಿರೀಂದ್ರಶೇಖರ ಬೋಸರು ಮನೋವೈದ್ಯ ವಿಭಾಗವನ್ನು ತೆರೆದರು. ಹುಚ್ಚಾಸ್ಪತ್ರೆಯ ಬಾಗಿಲನ್ನು ತುಳಿಯಲು ನಾಚುವವರು ಇಂತಹ ಕಡೆಗೆ ನಿಸ್ಸಂಕೋಚವಾಗಿ ಬರುವರು. ನಿದ್ರಾಹೀನರು, ಶೋಕಪೀಡಿತರು, ಮದ್ಯವ್ಯಸನಿಗಳು, ಬಾಣಂತಿತನದಲ್ಲಿ ಚಿತ್ತ ಕದಡಿದವರು, ವಿಷವನ್ನು ಸೇವಿಸಿ ಬದುಕುಳಿದವರು ಇವರೆಲ್ಲರನ್ನೂ ವಿದ್ಯಾರ್ಥಿಯು ಇಲ್ಲಿ ಕಾಣುವನು.

ಆದರೂ ನಗರದ ಆಸ್ಪತ್ರೆಯನ್ನು ಮುಟ್ಟಲಾರದವರ ಗತಿಯೇನು? ಈ ಪ್ರಶ್ನೆಯೇ 1970ರ ದಶಕದಲ್ಲಿ ನಿಮ್ಹಾನ್ಸಿನ ವೈದ್ಯರನ್ನು ಬೆಂಗಳೂರಿನ ಹೊರವಲಯದ ಸಕಲವಾರಕ್ಕೆ ಕರೆದೊಯ್ದಿತು. ಅಲ್ಲಿನ ಕೇಂದ್ರದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಸಾಮಾನ್ಯ ಮನೋವ್ಯಾಧಿಗಳನ್ನು ಗುರುತಿಸಿ ಕೆಲವೇ ಔಷಧಗಳಿಂದ ಚಿಕಿತ್ಸೆ ನೀಡುವ ಕ್ರಮವನ್ನು ಬೋಧಿಸಲಾಯಿತು. 1980ರ ದಶಕದಲ್ಲಿ ಅದೇ ಕ್ರಮವನ್ನು ಬಳ್ಳಾರಿ ಜಿಲ್ಲೆಯಲ್ಲಿ ಆಚರಣೆಗೆ ತಂದರು. ಅದರ ಮಾದರಿಯಂತೆಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ದೇಶದಲ್ಲಿ ಪ್ರಾರಂಭವಾಯಿತು. ಔಷಧವು ಉತ್ತಮವಾದರೂ, ಅದನ್ನು ತರಲು ಒಂದು ದಿನದ ಕೂಲಿಯನ್ನು ಕಳೆದುಕೊಳ್ಳಬೇಕಾದವನು ಅದನ್ನು ಬೇಗನೆ ಬಿಟ್ಟುಬಿಡುವನೆಂಬ ಪಾಠವು ಹಳ್ಳಿಯಲ್ಲಿಯೇ ಲಭ್ಯ.

ಇಂದು ಮನೋವೈದ್ಯದ ಎಂ. ಡಿ. ವ್ಯಾಸಂಗವು 3 ವರ್ಷಗಳದು. ರೋಗಿಯನ್ನು ಸರಪಳಿಯಿಂದ ಬಂಧಿಸುವುದನ್ನು 2017ರ ಮಾನಸಿಕ ಆರೋಗ್ಯ ಪಾಲನಾ ಶಾಸನವು ನಿಷೇಧಿಸಿದೆ. ಶಾಸನವು ಸರಪಳಿಯನ್ನು ಕಳಚಬಲ್ಲುದು. ಕಳಚಿದ ಮೇಲೆ ಆ ಕೈಯನ್ನು ಹಿಡಿದು ನಡೆಸಬಲ್ಲವನು ಬೇಕಷ್ಟೆ. ಪ್ರತಿಯೊಂದು ಶಿಕ್ಷಣಸ್ಥಾನಕ್ಕೂ ಅದರದೇ ಗುಣವುಂಟು, ಅದರದೇ ಕೊರತೆಯೂ ಉಂಟು. ದೀರ್ಘವಾಸದ ಆಸ್ಪತ್ರೆಯನ್ನೇ ಕಂಡವನು ನಿರಾಶನಾಗುವನು. ಸಾಮಾನ್ಯ ಆಸ್ಪತ್ರೆಯನ್ನೇ ಕಂಡವನು ರೋಗದ ದೀರ್ಘಗತಿಯನ್ನು ಅರಿಯನು. ನಗರವನ್ನೇ ಕಂಡವನು ಹಳ್ಳಿಯ ದಾರಿಯ ದೂರವನ್ನು ತಿಳಿಯನು. ಈ ಎಲ್ಲ ಸ್ಥಾನಗಳಲ್ಲಿಯೂ ಕೆಲವು ಕಾಲ ನಿಂತು ಕಲಿತವನೇ ರೋಗಿಯನ್ನು ಪೂರ್ಣವಾಗಿ ಕಾಣಬಲ್ಲನು. ಒಂದು ಮನೆಯ ಮಗನೋ ಮಗಳೋ ಮರಳಿ ತಮ್ಮವರ ಪಂಕ್ತಿಯಲ್ಲಿ ಕುಳಿತು ಉಣ್ಣುವಂತಾಗುವುದು ಇಂತಹ ವೈದ್ಯರಿಂದಲೇ.